ಮಡಿಕಟ್ಟೆಯ ಕೆಳಗಿನ ಬ್ಯಾಟರಿ

ವ್ಯಾನಿನ ಬ್ಯಾಟರಿ ಇಳಿದ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ನನ್ನ ಸೊಂಟಕ್ಕೆ. ಬೆಳಿಗ್ಗೆ ಕೀಲಿ ತಿರುವಿ ಸೆಲ್ಫ್ ಒತ್ತಿದರೆ ಎಂಜಿನ್ನು ಎರಡು ಸಲ ನರಳಿ ಸುಮ್ಮನಾಗುತ್ತಿತ್ತು. ಆಮೇಲೆ ನಾನು ಕೆಳಗಿಳಿದು, ಮುಂದಿನ ಬಂಪರಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಉಸಿರು ಕಟ್ಟಿ ಹೊಡೆಯಬೇಕು. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುವವರು ಇದನ್ನು ನೋಡಲೆಂದೇ ಇನ್ನೊಂದು ಕಪ್ಪು ಹೇಳುತ್ತಿದ್ದರೆಂದು ನನ್ನ ಅನುಮಾನ. "ಡಾಕ್ಟ್ರು ಇವತ್ತ ಗಾಡಿದ ಹಲ್ಲು ಕೀಳಾಕತ್ತಾರ ನೋಡ್ರಿ" ಎಂದು ಅವರಲ್ಲೊಬ್ಬ ಅಂದದ್ದು ಇವತ್ತಿಗೂ ನೆನಪಿದೆ. ಆಗ ನನಗೆ ನಗು ಬರಲಿಲ್ಲ, ಈಗಲೂ ಅಷ್ಟಕ್ಕಷ್ಟೆ.

ನಾನು ಹಲ್ಲಿನ ವೈದ್ಯ. ಎಪ್ಪತ್ತರ ದಶಕದ ನಡುವಿನಲ್ಲಿ ಓದು ಮುಗಿಸಿ ಹುಬ್ಬಳ್ಳಿಯಲ್ಲಿ ಒಂದು ಕೋಣೆ ಹಿಡಿದು ಕುಳಿತು ನೋಡಿದೆ. ನೊಣ ಬಿಟ್ಟರೆ ಯಾರೂ ಬರಲಿಲ್ಲ. ನಮ್ಮ ಕಡೆಯ ಜನ ಹಲ್ಲು ನೋವಾದರೆ ಲವಂಗ ಇಡುತ್ತಾರೆ, ತಂಬಾಕು ಒತ್ತುತ್ತಾರೆ, ತೀರ ತಡೆಯದಿದ್ದರೆ ಸಂತೆಯಲ್ಲಿ ಚಾಪೆ ಹಾಸಿ ಕೂತವನ ಮುಂದೆ ಬಾಯಿ ತೆರೆಯುತ್ತಾರೆ. ಒಂದು ಹಲ್ಲಿಗಾಗಿ ಹುಬ್ಬಳ್ಳಿ ಬಸ್ಸು ಹತ್ತುವುದು ಅವರಿಗೆ ಅತಿ ಎನಿಸುತ್ತಿತ್ತು. ಅವರು ಬಾರದಿದ್ದರೆ ನಾನೇ ಹೋಗುತ್ತೇನೆಂದು ಹಟ ಹಿಡಿದು, ಹಿಂದೆ ಯಾವುದೋ ಅಂಗಡಿಯ ಮಾಲು ಹೊತ್ತು ಸವೆದಿದ್ದ ಒಂದು ಹಳೆಯ ವ್ಯಾನು ಕೊಂಡೆ. ಬಡಿಗ ಅದರೊಳಗೆ ಮಲಗಲು ಎರಡು ಹಲಗೆ ಹಾಕಿಕೊಟ್ಟ, ನಡುವೆ ರೋಗಿಯ ಕುರ್ಚಿ ಕೂಡಿಸಿದ, ಕುರ್ಚಿಯ ಮೇಲೆ ಬಗ್ಗುವ ದೀಪ ತೂಗುಬಿಟ್ಟ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಹೀಗೆ ಒಂದೊಂದು ಊರಲ್ಲಿ ಮೂರು ಮೂರು ದಿನ ನಿಲ್ಲುವುದು, ಅಲ್ಲೇ ಮಲಗುವುದು, ಅಲ್ಲೇ ಹಲ್ಲು ಕೀಳುವುದು. ಏಳೆಂಟು ವರ್ಷ ಹೀಗೆ ತಿರುಗಿದೆ. ತಿರುಗುವವನಿಗೆ ಹೆಣ್ಣು ಕೊಡುವವರು ಸಿಗಲಿಲ್ಲ, ನಾನೂ ಹುಡುಕಲಿಲ್ಲ.

ಅವ್ವ ನನ್ನ ಜೊತೆಗೇ ಇದ್ದಳು. ನಮ್ಮದು ಮಾಧ್ವರ ಮನೆ. ಅಪ್ಪ ತೀರಿಕೊಂಡ ಮೇಲೆ ಅವಳು ಬೇರೆಯವರ ಕೈಯ ಅಡಿಗೆ ಮುಟ್ಟಿದವಳಲ್ಲ. ವ್ಯಾನು ಬಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನನಗ ಹಿಂದ ನಾಕು ಫೂಟು ಜಾಗಾ ಕೊಡು, ಮಡೀಲೆ ಅಡಿಗಿ ಮಾಡಿಕೊಂಡು ನಿನ್ನ ಜೋಡಿ ತಿರಗತೇನಿ" ಅಂದಳು. ನಾಲ್ಕು ಫೂಟು ಕೊಟ್ಟೆ. ಬಡಿಗ ಅಲ್ಲೊಂದು ಕಟ್ಟಿಗೆಯ ಕಟ್ಟೆ ಮಾಡಿ ಮೇಲೆ ಸತುವಿನ ತಗಡು ಬಡಿದ. ದಿನಾ ನಸುಕಿನಲ್ಲಿ ಅವಳು ಒದ್ದೆ ಸೀರೆಯಲ್ಲಿ ಎರಡು ಕೊಡ ನೀರು ಹಾಕಿ ಆ ಕಟ್ಟೆಯನ್ನೂ ಅದರ ಕೆಳಗಿನ ನೆಲವನ್ನೂ ತೊಳೆದು, ಇದ್ದಲಿ ಶೇಗಡಿ ಹೊತ್ತಿಸಿ, ಒಂದೆಳೆ ರಂಗೋಲಿ ಎಳೆದು, ಅಕ್ಕಿ ಇಡುತ್ತಿದ್ದಳು. ನೀರು ಮೂಲೆಯ ತೂತಿನಿಂದ ರಸ್ತೆಗೆ ಇಳಿಯುತ್ತಿತ್ತು. ಅಡಿಗೆ ಆಗುವತನಕ ನನಗೂ ಆ ಕಡೆ ಹೋಗಲು ಅಪ್ಪಣೆ ಇರಲಿಲ್ಲ.

ಬ್ಯಾಟರಿ ಇದ್ದದ್ದು ಆ ಕಟ್ಟೆಯ ಕೆಳಗೆ. ಅದು ಮೊದಲು ಡ್ರೈವರನ ಸೀಟಿನಡಿ ಇತ್ತು. ದೀಪದ ತಂತಿ ಹತ್ತಿರವಾಗಲಿ ಎಂದು ಬಡಿಗ ಹಿಂದಕ್ಕೆ ಒಯ್ದು, ಕಟ್ಟೆಯ ಹೊಟ್ಟೆಯೊಳಗೆ ಕೂಡಿಸಿ, ಒಂದು ಬಾಗಿಲು ಮಾಡಿದ್ದ. ಆಗ ಅದು ನಮಗೆಲ್ಲ ಬಹಳ ಬುದ್ಧಿವಂತಿಕೆಯ ಕೆಲಸ ಎನಿಸಿತು.

ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ದೀಪ ಕಂದತೊಡಗಿತು. ಬೆಳಿಗ್ಗೆ ಎರಡು ಹಲ್ಲು ಕಿತ್ತರೆ ಮೂರನೆಯದಕ್ಕೆ ದೀಪ ಹಳದಿಯಾಗುತ್ತಿತ್ತು, ನಾಲ್ಕನೆಯದಕ್ಕೆ ಕೆಂಪಾಗುತ್ತಿತ್ತು. ದಾರಿಯಲ್ಲಿ ಐವತ್ತು ಮೈಲಿ ಓಡಿಸಿದರೂ ಬ್ಯಾಟರಿ ತುಂಬುತ್ತಿರಲಿಲ್ಲ. ವಿಚಿತ್ರವೆಂದರೆ ಎಂಜಿನ್ನು ಜೋರು ಮಾಡಿದಾಗ ಮುಂದಿನ ಹೆಡ್‌ಲೈಟುಗಳು ಎಂದಿಗಿಂತ ಬೆಳ್ಳಗೆ ಉರಿಯುತ್ತಿದ್ದವು, ಮೇಲಿಂದ ಮೇಲೆ ಬಲ್ಬು ಸುಟ್ಟುಕೊಳ್ಳುತ್ತಿದ್ದವು. ಒಂದೇ ಮನೆಯಲ್ಲಿ ಮುಂದಿನವರು ಹಬ್ಬ ಮಾಡಿ ಹಿಂದಿನವರು ಉಪವಾಸ ಬಿದ್ದ ಹಾಗೆ. ಇದರಲ್ಲೇ ಉತ್ತರವಿತ್ತೆಂದು ಈಗ ಗೊತ್ತು. ಆಗ ನನಗೆ ಬೇಜಾರೊಂದೇ ಗೊತ್ತಿತ್ತು.

ಸವಣೂರಿನಲ್ಲಿ, ಎಲೆ ತೋಟಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಗಾಡಿಗಳ ಕರೆಂಟಿನ ಕೆಲಸ ಮಾಡುವ ಒಬ್ಬ ಮಿಸ್ತ್ರಿ ಇದ್ದರು. ಮುಸಲ್ಮಾನರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಬಿಳಿ ಗಡ್ಡ, ಎಲೆ ಹಾಕಿ ಕೆಂಪಾದ ಬಾಯಿ. ಅವರ ಹಲ್ಲು ನಾನು ನೋಡುತ್ತಿದ್ದೆ, ನನ್ನ ವ್ಯಾನು ಅವರು ನೋಡುತ್ತಿದ್ದರು. ಮಾತು ಕಡಿಮೆ. ಬಾನೆಟ್ಟು ಎತ್ತಿ ಕಿವಿ ಕೊಟ್ಟು ನಿಂತರೆಂದರೆ ಸುತ್ತ ಇದ್ದವರೂ ಸುಮ್ಮನಾಗುತ್ತಿದ್ದರು.

ಮೊದಲ ಸಲ ಅವರು ಡೈನಮೋ ಬಿಚ್ಚಿದರು. ಡೈನಮೋ ಎಂದರೆ ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ. ಒಳಗಿನ ಕಾರ್ಬನ್ನು ಸವೆದಿದ್ದವು, ಬದಲಿಸಿದರು. ಬೆಲ್ಟು ಬಿಗಿ ಮಾಡಿದರು. ಡೈನಮೋ ಮತ್ತು ಬ್ಯಾಟರಿಯ ನಡುವೆ ಬಾಗಿಲು ಕಾಯುವ ಕಟ್‌ಔಟ್ ಡಬ್ಬಿ ತೆರೆದು ಉಪ್ಪುಕಾಗದದಿಂದ ಉಜ್ಜಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲ ಕಡೆ ನಡೆದರು.

"ಹಿಂದಿನ ಅರ್ಥಿಂಗ್ ಒಂದು ನೋಡಿಬಿಡ್ತೇನ್ರಿ ಡಾಕ್ಟ್ರ. ಬ್ಯಾಟರಿಯಿಂದ ಗಾಡಿ ಬಾಡಿ ತಗಡಿಗೆ ಒಂದು ತಾಮ್ರದ ಪಟ್ಟಿ ಹೋಗಿರ್ತೈತಿ. ಅದು ಸಡ್ಲ ಆಗಿದ್ರ ಡೈನಮೋ ಹುಟ್ಟಿಸಿದ್ದು ಬ್ಯಾಟರಿಗೆ ಮುಟ್ಟೂದಿಲ್ಲ."

ಅವ್ವ ಒಳಗೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಅಲ್ಲೆ ಬ್ಯಾಡ್ರಿ ಮಿಸ್ತ್ರಿ. ಅಲ್ಲೆ ನಮ್ಮ ಅವ್ವನ ಮಡಿ ಅದ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಹೌದ್ರಿ? ಹಂಗಾರ ನೀವ ಒಂದು ಸಲ ನೋಡ್ರಿ."

"ನಾ ನೋಡೇನಿ. ಗಟ್ಟಿ ಅದ" ಅಂದೆ. ನಾನು ನೋಡಿರಲಿಲ್ಲ. ಪಟ್ಟಿಯ ಮೇಲಿನ ತುದಿ ಬ್ಯಾಟರಿಗೆ ಹತ್ತಿದ್ದು ನೋಡಿದ್ದೆ, ಕೆಳಗಿನ ತುದಿ ಎಲ್ಲಿಗೆ ಹೋಗಿದೆಯೆಂದು ನನಗೆ ಗೊತ್ತೂ ಇರಲಿಲ್ಲ. ಆದರೆ ಡಾಕ್ಟರು ನೋಡಿದ್ದೇನೆ ಅಂದಮೇಲೆ ಮಿಸ್ತ್ರಿ ಇನ್ನೇನು ಕೇಳುತ್ತಾರೆ? ಬ್ಯಾಟರಿಯನ್ನು ನಾನೇ ಬಿಚ್ಚಿ, ಎದೆಗೆ ಅವಚಿಕೊಂಡು, ಇಳಿಸಿ ಅವರ ಮುಂದೆ ಇಟ್ಟೆ. ಅವರು ಅದನ್ನು ಇಡೀ ದಿನ ಚಾರ್ಜಿಗೆ ಹಾಕಿ, ಪರೀಕ್ಷೆ ಮಾಡಿ, "ಬ್ಯಾಟರಿ ಛಲೋ ಐತ್ರಿ" ಎಂದು ಹಿಂದಿರುಗಿಸಿದರು. ನಾನೇ ಒಳಗೆ ಒಯ್ದು ಕೂಡಿಸಿದೆ.

ಹೀಗೆ ಒಂದು ವರ್ಷ ನಡೆಯಿತು. ಡೈನಮೋ ಅವರ ಕಣ್ಣಿಗೆ ಬೀಳುತ್ತಿತ್ತು, ಬ್ಯಾಟರಿ ಅವರ ಅಂಗಳಕ್ಕೆ ಇಳಿಯುತ್ತಿತ್ತು, ಎರಡೂ ಸರಿ ಇದ್ದವು. ಎರಡರ ನಡುವಿನ ನಾಲ್ಕು ಫೂಟು ಮಾತ್ರ ಅವರಿಗೆ ಮುಚ್ಚಿತ್ತು. ಪ್ರತಿ ಸಲ ರಿಪೇರಿ ಆದಮೇಲೆ ಎಂಟು ಹತ್ತು ದಿನ ದೀಪ ಚೆನ್ನಾಗಿ ಉರಿಯುತ್ತಿತ್ತು, ಮತ್ತೆ ಕಂದುತ್ತಿತ್ತು. ಅದರ ಗುಟ್ಟು ಇಷ್ಟೇ: ನಾನು ಬ್ಯಾಟರಿ ತೆಗೆದು ಹಾಕುವಾಗ ಆ ಪಟ್ಟಿ ಎಳೆದಾಡಿದಂತಾಗಿ, ಕೆಳಗಿನ ತುದಿ ತುಸು ತಿರುಗಿ, ತುಕ್ಕಿನ ನಡುವೆ ಎಲ್ಲೋ ಒಂದು ಚೂರು ಬರಿ ತಗಡನ್ನು ಕಚ್ಚುತ್ತಿತ್ತು. ನನಗೆ ಕಂಡದ್ದು ಬೇರೆ. ಮಿಸ್ತ್ರಿ ಮುಟ್ಟಿದರೆ ಹತ್ತು ದಿನ, ಆಮೇಲೆ ಮತ್ತೆ ಅವರ ಬಾಗಿಲಿಗೆ. ಬೇಕಂತಲೇ ಅರ್ಧ ಮಾಡಿ ಕಳಿಸುತ್ತಾರೇನೋ ಎಂಬ ಹುಳ ಹೊಕ್ಕಿತು. ದಣಿದವನ ತಲೆಯಲ್ಲಿ ಇಂಥ ಹುಳಕ್ಕೆ ಜಾಗ ಬೇಗ ಸಿಗುತ್ತದೆ.

ಆ ಮಳೆಗಾಲದಲ್ಲಿ ಒಂದು ದಿನ, ಮತ್ತೆ ಬ್ಯಾಟರಿ ಚಾರ್ಜು ಮಾಡಿ ಕೊಡುವಾಗ, ಮಿಸ್ತ್ರಿ ತಾವಾಗಿ ಒಂದು ಸುದ್ದಿ ಹೇಳಿದರು. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ನಾನು ಕೇಳಿದ್ದು ಅದೇ ಮೊದಲು. ಹಿರೇಕೆರೂರಿನಲ್ಲಿ ಅರಳೆ ವ್ಯಾಪಾರದ ಒಬ್ಬ ಸಾವಕಾರರಿದ್ದರು, ಮೂರು ಲಾರಿ ಇಟ್ಟಿದ್ದರು. ಅವರ ಲಾರಿಯೊಂದು ಸವಣೂರಿನಲ್ಲಿ ಕೆಟ್ಟು ನಿಂತಾಗ ಮಿಸ್ತ್ರಿ ಒಂದು ತಾಸಿನಲ್ಲಿ ಸರಿಮಾಡಿದ್ದರು. ಸಾವಕಾರರಿಗೆ ಆ ಕೈ ಮೆಚ್ಚಿಗೆಯಾಗಿ, "ನಮ್ಮ ಊರಾಗ ಅಂಗಡಿ ಹಾಕ್ರಿ, ಮೂರೂ ಲಾರಿ ನಿಮಗ ಬಿಡ್ತೇನಿ, ಉಳಿದ ವ್ಯಾಪಾರಸ್ಥರಿಗೂ ಹೇಳ್ತೇನಿ" ಎಂದಿದ್ದರಂತೆ. ಸವಣೂರಿನಲ್ಲಿ ಆಗ ಇದ್ದದ್ದು ನಾಲ್ಕು ಕಾರು, ಬೆರಳೆಣಿಕೆಯ ಲಾರಿ, ಉಳಿದದ್ದು ಎತ್ತಿನ ಗಾಡಿ. ಎತ್ತಿನ ಗಾಡಿಗೆ ಕರೆಂಟಿನ ಮಿಸ್ತ್ರಿ ಬೇಕಿಲ್ಲ. ಬರುವ ದೀಪಾವಳಿ ಕಳೆದು ಹಿರೇಕೆರೂರಿನಲ್ಲಿ ಅಂಗಡಿ ತೆರೆಯುವುದೆಂದು ಅವರು ನಿರ್ಧರಿಸಿದ್ದರು.

"ನೀವು ಆ ಊರಿಗೆ ಹೋಗ್ತೀರಲ್ರಿ. ನಾಕು ಮಂದಿಗೆ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳ್ರಿ ಡಾಕ್ಟ್ರ" ಅಂದರು. ಕೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಹೇಳುತ್ತೇನೆ ಅಂದೆ.

ಅದಾಗಿ ಮೂರೇ ದಿನ. ಹಿರೇಕೆರೂರಿನ ಸಂತೆ. ಮೋಡ ಇಳಿದು ಮಧ್ಯಾಹ್ನವೇ ಕತ್ತಲೆ, ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಬೆಳಗಿನಿಂದ ಹನ್ನೊಂದು ಬಾಯಿ ನೋಡಿದ್ದೆ. ಬೆನ್ನು ಬಿದ್ದುಹೋಗಿತ್ತು. ಆಗ ಅದೇ ಸಾವಕಾರರು ತಮ್ಮ ಹೆಂಡತಿಯನ್ನು ಕರೆತಂದರು. ಕೆಳಗಿನ ದವಡೆಯ ಹಲ್ಲು, ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ. ದೊಡ್ಡ ಮನೆಯ ಹೆಂಗಸು, ಹೊರಗೆ ಬೆಳಕಿನಲ್ಲಿ ಕೂಡಿಸಿ ಸಂತೆಯ ಮುಂದೆ ಬಾಯಿ ತೆರೆಸುವಂತಿರಲಿಲ್ಲ. ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂಡಿಸಿ, ದೀಪ ಹಚ್ಚಿ ನೋಡಿದೆ. ಕೊನೆಯಿಂದ ಎರಡನೆಯ ಹಲ್ಲು ಹಿಂಬದಿಯಿಂದ ಕೊಳೆತಿತ್ತು. ಮೇಲಿನಿಂದ ನೋಡಿದರೆ ಅಕ್ಕಪಕ್ಕದವೂ ಅದೂ ಒಂದೇ ಬಣ್ಣ, ಎಲೆ ಅಡಿಕೆಯ ಬಣ್ಣ. ಸೂಜಿ ಕೊಟ್ಟು, ಜುಮ್ಮು ಹಿಡಿಯಲು ಬಿಟ್ಟು, ಇಕ್ಕಳ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ದೀಪ ಈ ಸಲ ಮೂರೇ ದಿನಕ್ಕೆ ಕೆಂಪಗಾಯಿತು.

ಆಗ ನಾನು ನಿಲ್ಲಿಸಬೇಕಿತ್ತು. ಟಾರ್ಚು ತರಿಸಬೇಕಿತ್ತು, ಹ್ಯಾಂಡಲ್ ಹೊಡೆದು ಎಂಜಿನ್ನು ಚಾಲೂ ಮಾಡಬೇಕಿತ್ತು, ಏನಿಲ್ಲವೆಂದರೆ ಬೆರಳಿನಿಂದ ಮತ್ತೊಮ್ಮೆ ಹಲ್ಲು ಎಣಿಸಬೇಕಿತ್ತು. ಸಾವಕಾರರು ಪಕ್ಕದಲ್ಲೇ ನಿಂತಿದ್ದರು. ಅವರೆದುರು ಹ್ಯಾಂಡಲ್ ಹೊಡೆಯಲು ನಾಚಿಕೆಯಾಯಿತು. ಕೈಗೆ ಗೊತ್ತಿದೆ ಬಿಡು ಎಂದು ಇಕ್ಕಳ ಹಾಕಿ ಎಳೆದೆ. ಹಲ್ಲು ಬಹಳ ಗಟ್ಟಿ ಇತ್ತು. ಕೊಳೆತ ಹಲ್ಲು ಅಷ್ಟು ಗಟ್ಟಿ ಇರುವುದಿಲ್ಲ ಎಂದು ಕೈ ಹೇಳುತ್ತಲೇ ಇತ್ತು. ನಾನು ಕೇಳಲಿಲ್ಲ.

ಬೋಗುಣಿಯಲ್ಲಿ ಬಿದ್ದ ಹಲ್ಲನ್ನು ತೊಳೆದಾಗ ಬೇರುಗಳು ಬೆಳ್ಳಗಿದ್ದವು. ಎಲ್ಲೂ ತೂತಿಲ್ಲ. ಸಾವಕಾರರು ಬಗ್ಗಿ ನೋಡಿದರು. "ಇದೇನ್ರಿ ಡಾಕ್ಟ್ರ? ಹಲ್ಲು ಛಲೋನ ಐತಲ್ಲ?"

ಅವರ ಹೆಂಡತಿ ಬಾಯಿಗೆ ಅರಳೆ ಒತ್ತಿಕೊಂಡು ನನ್ನನ್ನು ನೋಡಿದಳು. ಆ ನೋಟವನ್ನು ತಡೆಯಲಾರದೆ ನಾನು ಬಾಗಿಲು ತೆಗೆದು ಹೊರಗೆ ಬಂದೆ. ಮಳೆಗೆ ವ್ಯಾನಿನ ಮರೆಯಲ್ಲಿ ನಿಂತಿದ್ದ ಹತ್ತು ಹದಿನೈದು ಜನ ನಮ್ಮತ್ತ ತಿರುಗಿದರು. ಸಾವಕಾರರು ನನ್ನ ಹಿಂದೆಯೇ ಇಳಿದು ಮತ್ತೆ ಕೇಳಿದರು. ಆಗ ನನ್ನ ಬಾಯಿಂದ ಬಂದದ್ದು ಇದು:

"ನಂದೇನು ತಪ್ಪದರೀ? ಆ ಸವಣೂರು ಮಿಸ್ತ್ರಿ ಮೂರ ದಿನದ ಹಿಂದ ಬ್ಯಾಟರಿ ರಿಪೇರಿ ಮಾಡ್ಯಾನ. ವರ್ಷದಿಂದ ಹಿಂಗ ಮಾಡ್ಲಿಕ್ಕೆ ಹತ್ಯಾನ. ಅರ್ಧಾ ಕೆಲಸ ಮಾಡಿ ಮತ್ತ ಮತ್ತ ಕರಿಸಿಕೋತಾನ. ಅಂವನ್ನ ನಂಬಿ ನನ್ನ ಹೆಸರು ಕೆಡ್ತು."

ಸಾವಕಾರರ ಮುಖ ಬದಲಾಯಿತು. "ಯಾವ ಮಿಸ್ತ್ರಿ? ಆ ಗಡ್ಡದಂವಾ?" ಅಂದರು. ಹೌದು ಅಂದೆ. ಅವರು ತಲೆಯಾಡಿಸಿ, ಹೆಂಡತಿಯನ್ನು ಕರೆದುಕೊಂಡು, ಕೊಡೆ ಬಿಚ್ಚಿ ಹೋದರು. ನನಗೆ ಆ ಕ್ಷಣ ಹಗುರಾಯಿತು. ಹಗುರಾದದ್ದನ್ನು ಮುಚ್ಚಿಡುವುದಿಲ್ಲ.

ಆ ಹೆಂಗಸು ಕೊಳೆತ ಹಲ್ಲನ್ನು ಹಾವೇರಿಯಲ್ಲಿ ಬೇರೆಯವರ ಹತ್ತಿರ ತೆಗೆಸಿಕೊಂಡಳೆಂದು ಆಮೇಲೆ ಕೇಳಿದೆ.

ಮುಂದಿನ ಸುತ್ತಿಗೆ ಸವಣೂರು ಮುಟ್ಟಿದಾಗ ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದೆ. ಅವ್ವ ಅಡಿಗೆ ಮುಗಿಸಿ, ಊಟ ಮಾಡಿ, ಮಠಕ್ಕೆ ಹೋಗಿದ್ದಳು. ಅಂಗಡಿಯ ಗೋಡೆಗೆ ಒಂದು ಹೊಸ ತಗಡಿನ ಬೋರ್ಡು ಒರಗಿಸಿಟ್ಟಿತ್ತು. ಬಣ್ಣ ಬಳಿದು, 'ಹಿರೇಕೆರೂರು' ಎಂದು ಬರೆದು, ಮೇಲಿನ ಸಾಲು ಖಾಲಿ ಬಿಟ್ಟಿದ್ದರು. ಮಿಸ್ತ್ರಿ ಸ್ಟೂಲಿನ ಮೇಲೆ ಕುಳಿತು ತಂತಿ ಸುಲಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು:

"ಸಾವಕಾರ ಹೇಳಿ ಕಳಿಸ್ಯಾರ್ರಿ. ಬರೂದು ಬ್ಯಾಡ ಅಂತ."

ನಾನು ಆ ಬೋರ್ಡಿನ ಖಾಲಿ ಸಾಲು ನೋಡಿದೆ. ಅವರು ಎದ್ದು ಬಂದರು. ಕೈಯಲ್ಲಿ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ಉದ್ದ ತಂತಿ. ಅದನ್ನು ನನ್ನ ಕೈಗೆ ಇಟ್ಟರು. "ನಾ ಒಳಗ ಬರೂದಿಲ್ರಿ. ನಾ ಹೇಳಿದ್ದು ನೀವು ಮಾಡ್ರಿ. ಇವತ್ತ ಇದು ಹರೀಬೇಕು."

ಅವ್ವ ವ್ಯಾನಿನಲ್ಲಿ ಇರಲಿಲ್ಲ. ಶೇಗಡಿ ಆರಿತ್ತು. ಪಾತ್ರೆ ಬೋರಲು ಹಾಕಿದ್ದವು. ಆಗಲೂ ನಾನು ಅವರಿಗೆ ಒಳಗೆ ಬರ್ರಿ ಅನ್ನಲಿಲ್ಲ. ಒಬ್ಬನೇ ಹಿಂದೆ ಹೋಗಿ ಕಟ್ಟೆಯ ಬಾಗಿಲು ತೆಗೆದು ಕುಕ್ಕರುಗಾಲಲ್ಲಿ ಕುಳಿತೆ.

ಮಿಸ್ತ್ರಿ ಡ್ರೈವರನ ಸೀಟಿನಿಂದ ಕೂಗಿದರು. "ಒಂದು ತಂತಿ ಬ್ಯಾಟರಿದ ಮೈನಸ್ ಕಂಬಕ್ಕ ಹಿಡೀರಿ. ಇನ್ನೊಂದು ಗಾಡಿ ಬಾಗಿಲದ ಸ್ಕ್ರೂಕ್ಕ ಹಿಡೀರಿ. ಹಿಡಿದ್ರಿ? ಬಲ್ಬು ಉರಿಯಾಕತ್ತೈತೇನು?"

"ಇಲ್ಲ."

"ಉರೀಬಾರ್ದು. ಮೈನಸ್ಸೂ ಬಾಡಿನೂ ಒಂದ. ಈಗ ಸೆಲ್ಫ್ ಒತ್ತತೇನಿ, ನೋಡ್ಕೋತ ಇರ್ರಿ."

ಅವರು ಒತ್ತಿದರು. ಎಂಜಿನ್ನು ನರಳಿತು. ನನ್ನ ಕೈಯಲ್ಲಿದ್ದ ಬಲ್ಬು ಪಕ್ಕನೆ ಉರಿಯಿತು. ಬಿಟ್ಟರು, ಆರಿತು. ಮತ್ತೆ ಒತ್ತಿದರು, ಮತ್ತೆ ಉರಿಯಿತು.

"ಉರೀತು" ಅಂದೆ.

"ಹಂಗಾರ ಅಲ್ಲೇ ಐತ್ರಿ. ಪಟ್ಟಿ ಗಟ್ಟಿ ಇದ್ರ ಆಗಲೂ ಉರೀಬಾರ್ದಿತ್ತು. ಪಟ್ಟಿ ಹಿಡಕೊಂಡು ಕೆಳಗ ಹೋಗ್ರಿ. ನೆಲಕ್ಕ ಎಲ್ಲಿ ಬೋಲ್ಟ್ ಆಗೈತಿ ನೋಡ್ರಿ."

ಪಟ್ಟಿಯ ಜಾಡು ಹಿಡಿದು ಕೈ ಕೆಳಗಿಳಿಸಿದೆ. ಬ್ಯಾಟರಿಯ ಹಿಂದೆ, ನೀರು ಹರಿದು ಹೋಗುವ ತೂತಿನ ಪಕ್ಕದಲ್ಲೇ, ಅದು ನೆಲದ ತಗಡಿಗೆ ಕೂಡಿತ್ತು. ಕೂಡಿತ್ತು ಎಂದು ಹೇಳಬೇಕಷ್ಟೆ. ಬೋಲ್ಟು ಇದ್ದ ಜಾಗದಲ್ಲಿ ತುಕ್ಕಿನ ಗಂಟೊಂದಿತ್ತು. ತಾಮ್ರ ಹಸಿರುಗಟ್ಟಿತ್ತು. ಬೆರಳಿನಿಂದ ಒತ್ತಿದರೆ ಪಟ್ಟಿಯ ತುದಿ ಪುಡಿಪುಡಿಯಾಗಿ ಉದುರಿತು, ನೆಂದ ರೊಟ್ಟಿಯ ಅಂಚಿನ ಹಾಗೆ. ಮಿಸ್ತ್ರಿಗೆ ಹೇಳಿದೆ.

ಅವರು ಮುಂದಿನಿಂದ ಕೇಳಿದರು, "ಅಲ್ಲಿ ನೀರು ಬೀಳ್ತೈತೇನ್ರಿ?"

"ದಿನಾ ಮುಂಜಾನೆ."

ಅವರು ಅಂಗಡಿಗೆ ಹೋಗಿ ಒಂದು ದಪ್ಪ ತಂತಿಗೆ ಎರಡೂ ಕಡೆ ಹೊಸ ತುದಿ ಬೆಸೆದು, ಬೋಲ್ಟು, ಉಪ್ಪುಕಾಗದ, ಗ್ರೀಸು ಸಮೇತ ಬಾಗಿಲ ಹೊಸ್ತಿಲ ಮೇಲೆ ಇಟ್ಟರು. ನೀರಿನ ತೂತಿನಿಂದ ದೂರ, ಮೇಲೆ ಗೋಡೆಯ ಕಬ್ಬಿಣಕ್ಕೆ ಜೋಡಿಸಲು ಹೇಳಿದರು. "ಉಜ್ಜಿ ಬೆಳ್ಳಗ ಮಾಡ್ರಿ. ಬಣ್ಣಾ ಪೂರಾ ಹೋಗ್ಲಿ. ಬರೇ ಕಬ್ಬಿಣ ಕಾಣ್ಲಿ." ನಾನು ಉಜ್ಜಿದೆ. ಒಂದು ತಾಸು ಹಿಡಿಯಿತು. ಅವರ ಕೈಯಲ್ಲಾದರೆ ಕಾಲು ತಾಸಿನ ಕೆಲಸ. ಬಿಗಿ ಮಾಡಿ ಮುಗಿಸಿದಾಗ ಮತ್ತೆ ಬಲ್ಬು ಹಿಡಿಯಲು ಹೇಳಿ ಸೆಲ್ಫ್ ಒತ್ತಿದರು. ಬಲ್ಬು ಉರಿಯಲಿಲ್ಲ. ಎಂಜಿನ್ನು ಮೊದಲ ಒತ್ತಿಗೇ ಎದ್ದಿತು. ರೋಗಿಯ ಕುರ್ಚಿಯ ಮೇಲಿನ ದೀಪ ಹಚ್ಚಿ ನೋಡಿದೆ. ಒಂದು ವರ್ಷದಿಂದ ನಾನು ಅಷ್ಟು ಬೆಳಕು ಕಂಡಿರಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಕೆಳಗಿಳಿದು, "ಮಿಸ್ತ್ರಿ, ನನ್ನ ಕಡಿಂದ ತಪ್ಪಾತು" ಅಂದೆ.

"ನನಗ ಹೇಳಿ ಏನ್ ಮಾಡ್ತೀರಿ?" ಅಂದರು. ಸಿಟ್ಟಿನಿಂದಲ್ಲ, ದಣಿವಿನಿಂದ. "ಹಿರೇಕೆರೂರಾಗ ಅಂದದ್ದು ಹಿರೇಕೆರೂರಾಗ ಹೇಳ್ರಿ."

ಹೇಳಲು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸಂತೆಯ ದಿನ, ಅದೇ ಜಾಗದಲ್ಲಿ ವ್ಯಾನು ನಿಲ್ಲಿಸಿ, ಸಾವಕಾರರಿಗೆ ಹೇಳಿ ಕಳಿಸಿದೆ. ಅವರು ಬಂದರು. ಎಂದಿನಂತೆ ಹತ್ತು ಹದಿನೈದು ಜನ ಸುತ್ತ ಇದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಮಿಸ್ತ್ರಿಯ ಕೆಲಸದಲ್ಲಿ ಏನೂ ದೋಷವಿರಲಿಲ್ಲ, ದೋಷವಿದ್ದ ಜಾಗವನ್ನು ಅವರು ಮೊದಲ ದಿನವೇ ನೋಡುತ್ತೇನೆ ಅಂದಿದ್ದರು, ನಾನೇ ಬಿಡಲಿಲ್ಲ, ತಪ್ಪು ಹಲ್ಲು ಕಿತ್ತದ್ದೂ ನನ್ನದೇ ಅವಸರ.

ಸಾವಕಾರರು ನಿಧಾನವಾಗಿ ಕೇಳಿದರು. ಆಮೇಲೆ, "ನೋಡ್ತೇನಿ ಅಂದ್ರ ಯಾಕ ಬಿಡಲಿಲ್ರಿ?" ಅಂದರು.

ಇದಕ್ಕೆ ನಾನು ಮಾತು ಜೋಡಿಸಿಕೊಂಡಿರಲಿಲ್ಲ. ಆದರೆ ನಾಲಿಗೆಗೆ ಹಳೆಯ ದಾರಿ ಗೊತ್ತಿತ್ತು. "ಅದು ನಮ್ಮ ಅವ್ವನ ಮಡಿ ಜಾಗಾರೀ. ಹಳೇ ಕಾಲದಾಕಿ. ಯಾರಿಗೂ ಮುಟ್ಟಗೊಡೂದಿಲ್ಲ."

ಜನ ತಲೆಯಾಡಿಸಿದರು. ಹಳೆಯ ಕಾಲದ ಹೆಂಗಸರ ಮಡಿ ಯಾರಿಗೆ ಗೊತ್ತಿಲ್ಲ? ಒಬ್ಬಿಬ್ಬರು ನಕ್ಕರು ಕೂಡ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ವ್ಯಾನಿನ ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅವ್ವನ ದನಿ ಬಂತು. "ನನ್ನ ಯಾವಾಗ ಕೇಳಿದ್ಯೋ?"

ಎಲ್ಲರೂ ತಿರುಗಿದರು. ಅವ್ವ ಬಾಗಿಲಿಗೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು. ಸಂತೆಯಲ್ಲಿ ಅವಳು ಗಂಡಸರ ಮುಂದೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಒಂದು ವರ್ಷದಾಗ ಒಮ್ಮೆರೆ ಕೇಳಿದ್ದೇನು? ಮಿಸ್ತ್ರಿ ಒಳಗ ಬರ್ತೇನಂತಾನ, ಬರ್ಲೇನು ಅಂತ? ಅಡಿಗಿ ಆಗಿ ಊಟ ಆದಮ್ಯಾಲೆ ಅಲ್ಲೆ ಏನು ಮಡಿ ಇರ್ತದೋ? ದಿನಾ ಎರಡು ಕೊಡ ನೀರು ಹಾಕಿ ತೊಳಿತೇನಿ. ಅವತ್ತ ಇನ್ನೆರಡು ಕೊಡ ಹಾಕ್ತಿದ್ದೆ. ಆ ಮನಷ್ಯಾನ ಹೊಟ್ಟಿ ಮ್ಯಾಲೆ ಹೊಡದು ನನ್ನ ಹೆಸರು ಹೇಳ್ತಿ?"

ಇಷ್ಟು ಹೇಳಿ ಒಳಗೆ ಹೋದಳು. ಯಾರೂ ನಗಲಿಲ್ಲ. ಸಾವಕಾರರು ತಮ್ಮ ಚಪ್ಪಲಿ ನೋಡುತ್ತ ಮಾತಾಡಿದರು. "ರಾಣೇಬೆನ್ನೂರಿನ ಒಬ್ಬಂವಗ ಮಾತು ಕೊಟ್ಟಾಗೈತ್ರಿ ಡಾಕ್ಟ್ರ. ಅಂವಾ ಬಂದು ಕೆಲಸಾನೂ ಸುರು ಮಾಡ್ಯಾನ. ಈಗ ತಿರಿಗಿಸಾಕ ಬರೂದಿಲ್ಲ" ಎಂದು ಹೇಳಿ ಹೋದರು. ಜನವೂ ಒಬ್ಬೊಬ್ಬರಾಗಿ ಕರಗಿದರು. ಅವತ್ತು ನನ್ನ ಕುರ್ಚಿಯಲ್ಲಿ ಯಾರೂ ಕೂಡಲಿಲ್ಲ.

ಅವ್ವ ಒಪ್ಪುವುದಿಲ್ಲವೆಂದು ನಾನು ನಂಬಿದ್ದೆನೇ? ಇಷ್ಟು ವರ್ಷ ಕಳೆದು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳುವುದಾದರೆ, ಇಲ್ಲ. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂದೇ ಕೇಳಲಿಲ್ಲ. ಹೂಂ ಅಂದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲಲು ನನಗೆ ಯಾರ ಹೆಸರೂ ಉಳಿಯುತ್ತಿರಲಿಲ್ಲ. ಓದಿದವನು, ಜಾತಿ ಕೇಳದೆ ಎಲ್ಲರ ಬಾಯೊಳಗೆ ಬೆರಳು ಹಾಕುವವನು ಎಂದು ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಮಿಸ್ತ್ರಿಯ ಬಾಯಲ್ಲಿ ನನ್ನ ಕೈ ಇರಬಹುದಿತ್ತು, ನನ್ನ ಅಡಿಗೆಯ ಜಾಗದಲ್ಲಿ ಅವರ ಕೈ ಇರುವಂತಿರಲಿಲ್ಲ. ಆ ಅಡ್ಡಿ ಅವ್ವನದಲ್ಲ, ನನ್ನದು.

ಸವಣೂರಿಗೆ ಹೋದಾಗ ಮಿಸ್ತ್ರಿ ಯಾವುದೋ ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಕಾಲು ಮಾತ್ರ. ನಾನು ಆ ಕಾಲುಗಳಿಗೇ ಹೇಳಿದೆ. ಹಿರೇಕೆರೂರಿನಲ್ಲಿ ಹೇಳಿದೆ, ಸಾವಕಾರರು ಬೇರೆಯವರಿಗೆ ಮಾತು ಕೊಟ್ಟಾಗಿದೆ, ಲಾರಿ ಕೆಲಸ ಹೋಯಿತು ಅಂದೆ. ಅವರು "ಹೂಂ" ಅಂದರು. ಪಾನಾ ತಿರುವುವ ಸದ್ದು ನಿಲ್ಲಲಿಲ್ಲ.

"ಇನ್ನೊಂದು ಅದರೀ" ಅಂದೆ. "ನಮ್ಮ ಅವ್ವ ಬ್ಯಾಡ ಅಂದಿರಲಿಲ್ಲ. ನಾನ ಆಕಿ ಹೆಸರು ಹೇಳಿದ್ದೆ."

ಪಾನಾ ನಿಂತಿತು. ಕಾರಿನ ಕೆಳಗಿನಿಂದ ಅವರ ದನಿ ಬಂತು.

"ಅದು ಮೊದಲನೇ ದಿನಾನ ಗೊತ್ತಿತ್ರಿ ಡಾಕ್ಟ್ರ. ಅವತ್ತ ಅವ್ವಾರು ಅಲ್ಲೇ ಕುಂತಿದ್ರು. ಬ್ಯಾಡ ಅಂದ ದನಿ ಅವರದಲ್ಲ."